ಬಣ್ಣಗಾರ ಓಣಿಯ ನೀಲಿ ತಗಡು

ನಾನು ಒಂದು ತಗಡು. ಬರೀ ತಗಡು ಎಂದು ಹಗುರವಾಗಿ ನೋಡಬೇಡಿ. ಕಬ್ಬಿಣದ ಹಾಳೆಗೆ ಗಾಜಿನ ಪುಡಿಯ ಲೇಪ ಕೊಟ್ಟು, ಭಟ್ಟಿಯಲ್ಲಿಟ್ಟು ಕೆಂಪಗೆ ಕಾಯಿಸಿ ನನ್ನನ್ನು ಹುಟ್ಟಿಸಿದರು. ಮೈ ನೀಲಿ, ಅಕ್ಷರ ಬಿಳಿ. ಬೆಂಕಿಯಲ್ಲಿ ಹುಟ್ಟಿದವನಾದ್ದರಿಂದ ನನಗೆ ಸಿಟ್ಟು ತುಸು ಹೆಚ್ಚು. ನನ್ನ ಮೇಲೆ ಬರೆದಿರುವುದು ಇಷ್ಟೇ: ಬಣ್ಣಗಾರ ಓಣಿ.

ಈ ಹೆಸರನ್ನು ಯಾರೋ ಕುರ್ಚಿಯಲ್ಲಿ ಕೂತು ಹೊಸೆದದ್ದಲ್ಲ. ಅಂದಿನ ಪುರಸಭೆಯವರು ಊರಿನ ಓಣಿಗಳಿಗೆಲ್ಲ ಫಲಕ ಹಾಕಿಸಲು ಹೊರಟಾಗ ಮನೆ ಮನೆಗೆ ಬಂದು, "ಈ ಓಣಿಗೆ ನೀವು ಏನಂತೀರಿ?" ಎಂದು ಕೇಳಿದರು. ಜನ ಹೇಳಿದ್ದನ್ನೇ ಬರೆಸಿದರು. ನಲ್ಲಿ, ದೀಪ, ಕಸದ ಜೊತೆಗೆ ಊರಿನ ನೆನಪನ್ನು ಕಾಯುವುದೂ ಪುರಸಭೆಯ ಕೆಲಸವೆಂದು ಆ ಪುಣ್ಯಾತ್ಮರಿಗೆ ಯಾರು ಹೇಳಿಕೊಟ್ಟಿದ್ದರೋ ಕಾಣೆ.

ನನ್ನನ್ನು ಮೂಲೆಮನೆಯ ಗೋಡೆಗೆ ಜಡಿದರು. ಅಲ್ಲಿಂದ ನನಗೆ ಕಾಣುವುದು ಎಲ್ಲರ ನೆತ್ತಿ. ಹಾಗಾಗಿ ದೊಡ್ಡವರೆಂದರೆ ನನಗೆ ಅಂಥ ಭಯವೇನಿಲ್ಲ. ಆಗ ಪ್ರತಿ ಮನೆಯ ಮುಂದೆ ಹಂಡೆಯಲ್ಲಿ ಬಣ್ಣ ಕುದಿಯುತ್ತಿತ್ತು. ಗಂಡಸರು, ಹೆಂಗಸರು ಎಲ್ಲರ ಕೈಯೂ ಮೊಣಕೈವರೆಗೆ ಕೆಂಪು. ಗಳಕ್ಕೆ ಒಣಹಾಕಿದ ನೂಲಿನಿಂದ ಹನಿ ತೊಟ್ಟಿಕ್ಕಿ, ಕೆಳಗೆ ಹಾದುಹೋದ ಎಮ್ಮೆಯೂ ಬೆನ್ನ ಮೇಲೆ ಕೆಂಪು ಚುಕ್ಕೆ ಹೊತ್ತು ಮನೆ ಸೇರುತ್ತಿತ್ತು.

ಆಮೇಲೆ ಗಿರಣಿಯಿಂದ ಬಣ್ಣ ಹಾಕಿದ ನೂಲೇ ಬರತೊಡಗಿತು. ಹಂಡೆಗಳು ತಣ್ಣಗಾದವು. ಮಕ್ಕಳಲ್ಲಿ ಕೆಲವರು ಹೊಲಿಗೆ ಕಲಿತರು, ಕೆಲವರು ಆಟೋ ಓಡಿಸಿದರು. ಇಲ್ಲಿ ಬಣ್ಣಗಾರರು ಬಾಳಿದರು ಎಂದು ದಾರಿಹೋಕರಿಗೆ ಹೇಳಲು ಉಳಿದವನು ನಾನೊಬ್ಬನೇ.

ಒಂದು ಬೆಳಿಗ್ಗೆ ಪುರಸಭೆಯ ಆಳುಗಳು ಏಣಿ ಹಾಕಿ ನನ್ನ ಸ್ಕ್ರೂ ಬಿಚ್ಚಿದರು. ನನ್ನ ಜಾಗದ ಕೆಳಗೆ ಕರಿ ಗ್ರಾನೈಟ್ ಕಲ್ಲು ಕೂರಿಸಿದರು. ಅದರ ಮೇಲೆ ಈಗಿನ ಅಧ್ಯಕ್ಷರ ತಂದೆಯ ಹೆಸರು, ಕೊನೆಗೊಂದು 'ಮಾರ್ಗ'. ಆ ಹಿರಿಯರು ಒಳ್ಳೆಯವರೇ ಇದ್ದಿರಬಹುದು. ಆದರೆ ಓಟು ಕೇಳುವುದಕ್ಕಲ್ಲದೆ ಅವರು ಈ ಓಣಿಗೆ ಕಾಲಿಟ್ಟದ್ದನ್ನು ನಾನು ಕಂಡಿಲ್ಲ.

ಮೂಲೆಮನೆಯ ಮುದುಕಿ ಸಂಗವ್ವ ನನ್ನನ್ನು ಅವರ ಕೈಯಿಂದ ಕಿತ್ತುಕೊಂಡು ದಡದಡ ಒಳಗೆ ನಡೆದಳು. ಸೊಸೆ ಕಸ್ತೂರೆವ್ವ ಹೊಲಿಗೆ ಯಂತ್ರದ ಮುಂದಿದ್ದಳು. ಈ ವಾರ್ಡಿನ ಪುರಸಭೆ ಸದಸ್ಯೆ ಅವಳೇ.

"ಸಭಾದಾಗ ನೀ ಅಲ್ಲೇ ಕುಂತಿದ್ದೆಲ್ಲ, ಇದನ್ನ ಕೇಳಲಿಲ್ಲೇನ?"

ಕಸ್ತೂರೆವ್ವ ತಲೆ ತಗ್ಗಿಸಿದಳು. "ನಮ್ಮ ಗಟಾರದ ಕೆಲಸ, ಈ ಹೆಸರು, ಎರಡೂ ಒಂದ ಠರಾವಿನಾಗ ಇಟ್ಟಿದ್ರು ಅತ್ತಿ. ಗಟಾರ ಬೇಕಂದವರು ಕೈ ಎತ್ರಿ ಅಂದ್ರು. ಎತ್ತಿದೆ."

"ಅಂದ್ರ ಗಟಾರ ತೋರಿಸಿ ಹೆಸರ ಒಯ್ದರು ಅನ್ನು."

ಓಣಿಯ ತೆರೆದ ಗಟಾರವನ್ನು ಮುಚ್ಚಿ ಕಟ್ಟಿಸಿಕೊಡುತ್ತೇನೆಂದೇ ಸೊಸೆ ಗೆದ್ದು ಬಂದಿದ್ದಳು.

ಮುಂದಿನ ಸಭೆಗೆ ಅವಳು ನನ್ನನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟಳು. ಪುರಸಭೆಯ ಶತಮಾನೋತ್ಸವದ ಸಡಗರ ನಡೆದಿತ್ತು. ಸಭಾಂಗಣದ ಗೋಡೆ ತುಂಬ ಹಳೆಯ ಫೋಟೋಗಳು, ಮೇಲೆ 'ನಮ್ಮ ಊರು, ನಮ್ಮ ಇತಿಹಾಸ' ಎಂಬ ಬ್ಯಾನರ್. ಅದನ್ನು ಓದಿ ನನ್ನ ಮೈಯೆಲ್ಲ ಉರಿದುಹೋಯಿತು.

"ಆ ಠರಾವು ರದ್ದು ಮಾಡ್ರಿ," ಎಂದಳು ಕಸ್ತೂರೆವ್ವ.

ಅಧ್ಯಕ್ಷರು ಬೆಣ್ಣೆಯಂಥ ದನಿಯಲ್ಲಿ ಹೇಳಿದರು: "ರದ್ದಾದ್ರ ಗಟಾರನೂ ರದ್ದಾಗ್ತೈತ್ರಿ, ಅಕ್ಕಾರ. ವಿಚಾರ ಮಾಡ್ರಿ. ಬೇಕಾದ್ರ ಈ ತಗಡನ್ನ ಇಲ್ಲೇ ಗಾಜಿನ ಪೆಟಗಿಯೊಳಗ ಇಡೂಣು. ಇತಿಹಾಸ ಉಳಸೂದು ನಮ್ಮ ಕರ್ತವ್ಯ ನೋಡ್ರಿ."

ಅವಳು ಒಮ್ಮೆ ಅಧ್ಯಕ್ಷರನ್ನು, ಒಮ್ಮೆ ನನ್ನನ್ನು ನೋಡಿದಳು. ಗಟಾರ ಬಿಟ್ಟುಕೊಟ್ಟರೆ ಓಣಿಗೆ ಯಾವ ಮುಖ ಹೊತ್ತು ಹೋಗಬೇಕು? ಇವಳು ನನ್ನನ್ನು ಇಲ್ಲೇ ಬಿಟ್ಟು ಹೋದರೂ ತಪ್ಪೆನ್ನುವಂತಿರಲಿಲ್ಲ.

"ಸತ್ತವರ ಫೋಟೋಕ್ಕ ಹಾರ ಹಾಕ್ರಿ," ಎಂದಳು ಕೊನೆಗೆ. "ನಾವಿನ್ನೂ ಅಲ್ಲೇ ಅದೀವಿ. ಓಣ್ಯಾಗಿನ ಹೆಸರ ಅಳಿಸಿ, ಪೆಟಗ್ಯಾಗ ಇಟ್ಟು, ಉಳಿಸೀವಿ ಅನ್ನಬ್ಯಾಡ್ರಿ. ನಿಮ್ಮ ಗಟಾರ ನಿಮ್ಮ ಹಂತ್ಯಾಕ ಇರಲಿ."

ಅವಳ ಜೊತೆ ಒಂದು ಕೈಯೂ ಮೇಲೇಳಲಿಲ್ಲ. ಠರಾವು ಹಾಗೇ ಉಳಿಯಿತು. ಅವಳು ನನ್ನನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಂಡು ಹೊರಬಿದ್ದಳು.

ಅಂದೇ ಸಂಜೆ ಸಂಗವ್ವ ಏಣಿ ಹಿಡಿದಳು, ಕಸ್ತೂರೆವ್ವ ಮೇಲೇರಿ ತಾನೇ ಮೊಳೆ ಹೊಡೆದಳು. ಹೊಲಿಗೆಯ ಕೈಗೆ ಸುತ್ತಿಗೆ ಹಿಡಿತಕ್ಕೆ ಬರಲಿಲ್ಲ. ನನ್ನ ಒಂದು ಮೂಲೆಯ ನೀಲಿ ಚೂರಾಗಿ ಹಾರಿತು. ನೋವಾಯಿತು ನಿಜ, ಆದರೆ ಅಷ್ಟು ಖುಷಿ ನನಗೆ ಹುಟ್ಟಿದಾಗಲೂ ಆಗಿರಲಿಲ್ಲ. ಗ್ರಾನೈಟ್ ಕಲ್ಲಿಗೆ ಯಾರೂ ಕೈ ಹಚ್ಚಲಿಲ್ಲ. ಅದರ ತಲೆಯ ಮೇಲೇ ನನ್ನನ್ನು ಕೂರಿಸಿದರು.

ಮತ್ತೆ ಪುರಸಭೆಯ ಏಣಿ ಬಂತು. ಅಷ್ಟರಲ್ಲಿ ಸಂಗವ್ವ ನನ್ನ ಕೆಳಗೆ ಹಗ್ಗದ ಹೊರಸು ಹಾಕಿ ಕಾಲು ಚಾಚಿ ಕೂತಿದ್ದಳು.

"ಮೊದಲ ನನ್ನ ಎತ್ತಿ ಅತ್ತಾಗ ಇಡ್ರಿ. ಆಮ್ಯಾಲೆ ಅದನ್ನ ಬಿಚ್ಚೀರಂತ."

ಆಳುಗಳು ಮುಖ ಮುಖ ನೋಡಿಕೊಂಡು ಹೋದರು. ಆಮೇಲೂ ಬಂದರು, ಹೊರಸು ನೋಡಿ ಹಾಗೇ ತಿರುಗಿದರು.

ಈಗ ನನಗೂ ವಯಸ್ಸಾಯಿತು. ಚೂರೆದ್ದ ಮೂಲೆಯಿಂದ ತುಕ್ಕು ಮೆಲ್ಲಗೆ ಒಳಗೆ ಬರುತ್ತಿದೆ. ಮದುವೆಯ ಕಾಗದಗಳಲ್ಲಿ, ಆಟೋದವರ ಬಾಯಲ್ಲಿ ನನ್ನ ಹೆಸರೇ ಇದೆ. ಗಟಾರದ ಕೆಲಸ ಮಾತ್ರ ಬರಲೇ ಇಲ್ಲ. ಮಳೆ ಬಂದಾಗೊಮ್ಮೆ ಓಣಿಯವರೇ ಕೆಲವರು ಕಸ್ತೂರೆವ್ವನಿಗೆ ಕೇಳುವಂತೆ ಗೊಣಗುತ್ತಾರೆ. ಅವಳಿಗೆ ನೋಯುತ್ತದೆ, ಅದು ನನಗೆ ಮೇಲಿನಿಂದ ಕಾಣುತ್ತದೆ. ಆದರೂ ಅವಳು ನನ್ನನ್ನು ಇಳಿಸಿಲ್ಲ.

ಹೊಸಬರು ಯಾರಾದರೂ ವಿಳಾಸ ಹುಡುಕುತ್ತ ಬಂದರೆ, ಮೂಗು ಮುಚ್ಚಿಕೊಂಡೇ ತಲೆ ಎತ್ತಿ ನನ್ನನ್ನು ಓದುತ್ತಾರೆ. ಓದಲಿ.