ಗ್ವಾಂಟೊ ಗಿಡದ ಕಿಂದೆ

ನನ್ನ ಗಂಡ ಎಫ್ರಾಯಿನ್‌ಗೆ ಎರಡು ಸಂಸಾರ. ಒಂದು ನಾನು, ಇನ್ನೊಂದು ಅವರ ತೋಳುದ್ದದ ಜೂಮ್ ಲೆನ್ಸ್. ಮಳೆ ಬಂದರೆ ಮೈಮೇಲಿನ ಪೊಂಚೊ ಕಂಬಳಿ ಬಿಚ್ಚಿ ಅದಕ್ಕೆ ಹೊದಿಸುತ್ತಾರೆ. ನನಗೆ ಮರದ ಕೆಳಗೆ ನಿಂತುಕೋ ಎನ್ನುತ್ತಾರೆ. ನಮ್ಮ ತೋಟದಲ್ಲಿ ಸಕ್ಕರೆ ನೀರಿನ ಬಾಟಲಿಗಳು ತೂಗುತ್ತವೆ. ಅವಕ್ಕೆ ಮುತ್ತುವ ಹಮ್ಮಿಂಗ್‌ಬರ್ಡ್‌ಗಳ, ನಮ್ಮ ಮಾತಿನಲ್ಲಿ ಕಿಂದೆಗಳ, ಫೋಟೊ ಹಿಡಿಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಎಲ್ಲರಿಗೂ ಇವರ ಪಾಠ ಒಂದೇ: ಚೌಕಟ್ಟಿನ ತುಂಬ ಹಕ್ಕಿಯೇ ಇರಬೇಕು, ಉಳಿದದ್ದೆಲ್ಲ ಕಸ.

ಅತ್ತೆಯ ಹೆಸರು ಲಾಸ್ತೇನಿಯಾ. ಅವರು ಮೇಲಿನ ಬೆಟ್ಟದ ಊರಿನವರು, ನಾನು ಕಡಲ ಕಡೆಯವಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಬಾಯಲ್ಲಿ ನಾನು 'ಕಡಲಿನವಳು'. ನಾರ್ಸಿಸಾ ಎಂಬ ಹೆಸರೂ ಇಲ್ಲ, ಸೊಸೆ ಎಂಬ ಮಾತೂ ಇಲ್ಲ.

"ಕಡಲಿನವಳು ಎಲ್ಲದಕ್ಕೂ ಕಡಲೆಕಾಯಿ ಅರೆದು ಹಾಕ್ತಾಳೆ," ಎಂದು ಮಗನ ಬಳಿ ದೂರುತ್ತಾರೆ. "ನಾಳೆ ಕಾಫಿಗೂ ಹಾಕ್ತಾಳೆ, ನೋಡ್ತಿರು." ಹೀಗೆನ್ನುತ್ತಲೇ ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾರೆ.

ಅವರ ಒಂದು ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಈಚೆಗೆ ಇನ್ನೊಂದೂ ಮಬ್ಬಾಗತೊಡಗಿತು. ಇನ್ನು ಹೆಚ್ಚು ದಿನ ಕಾಣದು ಎಂದು ರಾಜಧಾನಿ ಕ್ವಿಟೊದ ಡಾಕ್ಟರು ಹೇಳಿಬಿಟ್ಟರು. ಮನೆಗೆ ಬಂದ ಅತ್ತೆ ಅಳಲಿಲ್ಲ, ಊಟಕ್ಕೆ ಕೂತು ಇಷ್ಟೇ ಅಂದರು.

"ಹಾಗಾದ್ರೆ ನಮ್ಮ ಬಾಗಿಲಿನ ಕಿಂದೆನ ಒಂದ್ಸಲ ನೋಡ್ಬೇಕಲ್ಲಪ್ಪ."

ಅತ್ತೆಯ ಊರಿನ ಬೆಟ್ಟದಲ್ಲಿ ಮನೆಬಾಗಿಲ ಪಕ್ಕ ಗ್ವಾಂಟೊ ಗಿಡ ನೆಡುತ್ತಾರೆ. ಕಳ್ಳರೂ ಕೆಟ್ಟ ಕಣ್ಣೂ ಒಳಗೆ ಬರದಿರಲಿ ಎಂದು. ತಲೆಕೆಳಗಾಗಿ ತೂಗುವ ಅದರ ಉದ್ದನೆಯ ಹೂವಿಗೆ ಕೊಕ್ಕು ಹಾಕಬಲ್ಲದ್ದು ಕತ್ತಿಕೊಕ್ಕಿನ ಕಿಂದೆಯೊಂದೇ. ದಿನಾ ಬೆಳಿಗ್ಗೆ ಅದೇ ದಾರಿಯಲ್ಲಿ, ಗಿಡದಿಂದ ಗಿಡಕ್ಕೆ, ಅಂಚೆಯವನ ಹಾಗೆ ಸುತ್ತುತ್ತದೆ. ಅತ್ತೆಯ ತವರುಮನೆ ಕುಸಿದುಹೋಗಿದೆ, ಗಿಡ ಮಾತ್ರ ಉಳಿದಿದೆ. ಆ ಏರು ಹತ್ತಲು ಅವರ ಮಂಡಿ ಒಪ್ಪುವುದಿಲ್ಲ.

ಎಫ್ರಾಯಿನ್ ಮರುದಿನವೇ ಹತ್ತಿದರು. ಪೇಟೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದ ಫೋಟೊ ನೋಡಿ ನನಗೇ ಉಸಿರು ಕಟ್ಟಿತು. ಕತ್ತಿನ ಒಂದೊಂದು ಗರಿಯೂ ಬೇರೆ ಬೇರೆ ಕಾಣುತ್ತಿತ್ತು. ಅತ್ತೆ ಅದನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು.

"ಹಕ್ಕಿ ಚೆನ್ನಾಗಿದೆ. ಯಾವ ಊರಿಂದು?"

"ನಿಮ್ಮನೆ ಬಾಗಿಲಿಂದೇ ಅಮ್ಮ."

"ಬಾಗಿಲೆಲ್ಲಿ? ಹಿಂದೆ ಬರೀ ಹಸಿರು ಹೊಗೆ ಇದೆ."

"ಹಕ್ಕಿ ಸಣ್ಣದಾಗಿ ಬಂದ ಫೋಟೊಗಳನ್ನೆಲ್ಲ ಅಲ್ಲೇ ಅಳಿಸಿಬಿಟ್ಟೆ," ಎಂದು ಇವರು ಮೆಲ್ಲಗೆ ಅಂದರು.

ಅತ್ತೆ ಫೋಟೊವನ್ನು ಮೇಜಿನ ಮೇಲೆ ಮಗುಚಿಟ್ಟರು. ಆ ದಿನ ಸಾರಿಗೂ ಹೆಸರಿಡಲಿಲ್ಲ. ನನಗೆ ಗಂಡನ ಮೇಲೆ ಸಿಟ್ಟು ಬಂತು.

ಇವರು ಮತ್ತೆ ಬೆಟ್ಟಕ್ಕೆ ಹೊರಟಾಗ ನಾನೂ ಹೊರಟೆ. ಮೇಲೆ ತಲುಪಿದ ಕೂಡಲೇ ಇವರು ಗಿಡದ ಎದುರಿಗೇ ಕ್ಯಾಮೆರಾ ಸ್ಟ್ಯಾಂಡ್ ಊರಿದರು.

"ಇಲ್ಲಲ್ಲ, ಮನೆ ಮುಂದಿನ ತೊರೆ ದಾಟಿ ಆಚೆ ಹೋಗ್ರಿ," ಎಂದೆ. "ಮನೆ ಪೂರ್ತಿ ಕಾಣ್ಬೇಕು."

"ಅಲ್ಲಿಂದ ಹಕ್ಕಿ ಸೊಳ್ಳೆ ಥರ ಕಾಣುತ್ತೆ ಕಣೆ."

"ಕಾಣ್ಲಿ ಬಿಡಿ. ನಿಮ್ಮಮ್ಮ ಗರಿ ಎಣಿಸೋಕೆ ಕೇಳಿಲ್ಲ."

ಗೊಣಗುತ್ತಾ ಆಚೆ ಹೋದರು. ಕೈ ಮಾತ್ರ ಅಭ್ಯಾಸಬಲದಿಂದ ಜೂಮನ್ನು ಮುಂದಕ್ಕೇ ತಿರುಗಿಸುತ್ತಿತ್ತು. ನಾನೇ ಹೋಗಿ ಹಿಂದಕ್ಕೆ ತಿರುಗಿಸಿ ಬಂದೆ. ಗೋಡೆ ಬಿದ್ದಿದ್ದರೂ ಹೊಸ್ತಿಲ ಕಲ್ಲು ಗಟ್ಟಿಯಾಗಿತ್ತು. ಹತ್ತಿ ಸುಸ್ತಾಗಿದ್ದವಳು ಅದರ ಮೇಲೆ ಕೂತೆ.

"ಚೌಕಟ್ಟಿನೊಳಗೆ ಬಂದ್ಯಲ್ಲೇ, ಏಳು," ಎಂದು ಇವರು ಕೂಗುತ್ತಿದ್ದಂತೆಯೇ ತಲೆಯ ಮೇಲೆ ಝುಂಯ್ ಎಂದಿತು. ಕಿಂದೆ ಬಂದಿತ್ತು. ನಾನು ಅಲ್ಲಾಡದೆ ಕೂತೆ. ಕಿಂದೆ ಒಂದೊಂದೇ ಹೂವಿನ ಕೆಳಗೆ ನಿಂತು ಕುಡಿದು ಮುಂದಿನ ಮನೆಗೆ ಹೋಯಿತು. ಆಮೇಲೆ ಮಂಜು ಇಳಿದು ಏನೂ ಕಾಣದಾಯಿತು. ಸಿಕ್ಕಿದ್ದು ಆ ಒಂದೇ ಫೋಟೊ.

ಅತ್ತೆ ಈ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆರಳು ಗೋಡೆಯ ಮೇಲೆ ಹೋಯಿತು, ಗಿಡದ ಮೇಲೆ ಹೋಯಿತು, ಗಿಡದ ಪಕ್ಕದ ಚುಕ್ಕೆಯ ಬಳಿ ನಿಂತಿತು. "ಬಂದಿದೆ," ಎಂದರು. ಬೆರಳು ಇನ್ನಷ್ಟು ಕೆಳಗಿಳಿಯಿತು.

"ಹೊಸ್ತಿಲ ಮೇಲೆ ಯಾರು ಕೂತಿರೋದು?"

ಎಫ್ರಾಯಿನ್ ಕೆಮ್ಮಿದರು. "ನಾರ್ಸಿಸಾ. ಅವಳನ್ನ ತೆಗೆದು ಇನ್ನೊಂದು ಪ್ರಿಂಟ್ ಹಾಕಿಸ್ತೀನಮ್ಮ."

"ಮುಟ್ಟಿದ್ರೆ ನೋಡು," ಎಂದು ಅತ್ತೆ ಫೋಟೊವನ್ನು ಎದೆಗೆ ಒತ್ತಿಕೊಂಡರು. "ಆ ಮನೇಲಿ ಇನ್ನು ಯಾರೂ ಇಲ್ಲ ಅಂದ್ಕೊಂಡಿದ್ದೆ. ಸೊಸೆ ಇದ್ದಾಳಲ್ಲ, ಸಾಕು."

ನಾನು ಸಾರು ಬಡಿಸಲು ಎದ್ದೆ. ಕಣ್ಣು ತುಂಬಿ ಬಟ್ಟಲು ಎಲ್ಲಿದೆ ಎಂದೇ ಕಾಣಲಿಲ್ಲ.