ತೊದಲು ಮಾತಿಗೆ ಒಂದು ಅರ್ಜಿ

ಡಾಕ್ಟರುಗಳು ಹೇಳಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವುದು ಅವಳ ಕೆಲಸವಾಗಿತ್ತು. ಅದನ್ನು ಇನ್ನು ಮುಂದೆ ಯಂತ್ರವೇ ಮಾಡುತ್ತದೆಂದು ಹೇಳಿ ಆಸ್ಪತ್ರೆಯವರು ಅವಳನ್ನು ಮನೆಗೆ ಕಳಿಸಿಬಿಟ್ಟರು. ಅದೇ ಹೊತ್ತಿಗೆ, ಲಿಫ್ಟ್ ರಿಪೇರಿ ಮಾಡುವ ಗಂಡ ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡ. ಮಾವನವರಿಗಂತೂ ಲಕ್ವ ಹೊಡೆದು ವರ್ಷವಾಗಿತ್ತು. ಬಸ್ ಕಂಡಕ್ಟರಾಗಿ ಜೀವನವಿಡೀ ಕೂಗಿದ ಗಂಟಲು ಅವರದು. ಈಗ ಅವರ ತೊದಲು ಅರ್ಥವಾಗುತ್ತಿದ್ದುದು ಸೊಸೆಯೊಬ್ಬಳಿಗೇ. ಎರಡು ಕೋಣೆಯ ಮನೆಯಲ್ಲಿ ಮೂವರೂ ದಿನವಿಡೀ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುವಂತಾಯಿತು.

ಆನ್‌ಲೈನಿನಲ್ಲಿ ಬಿಡಿ ಕೆಲಸ ಸಿಗುತ್ತದೆಂದು ಗೆಳತಿಯೊಬ್ಬಳು ಹೇಳಿದಳು. ಬೇಕಾದ ಕೆಲಸಕ್ಕೆ ಚೆಂದದ ಅರ್ಜಿ ಬರೆದರಾಯಿತಂತೆ. ಅವಳು ಎಲ್ಲಿಂದಲೋ ಒಂದು ಮಾದರಿ ಪತ್ರ ಇಳಿಸಿಕೊಂಡಳು. 'ಮಾನ್ಯರೇ, ನಾನು ಶ್ರದ್ಧೆಯಿಂದ ದುಡಿಯುವವಳು' ಎಂದು ಶುರುವಾಗುತ್ತಿದ್ದ ಅದನ್ನೇ ಎಲ್ಲರಿಗೂ ಕಳಿಸಿದಳು. ಒಬ್ಬರೂ ಕ್ಯಾರೇ ಅನ್ನಲಿಲ್ಲ. ಒಬ್ಬ ವಕೀಲರು ಮಾತ್ರ ಉತ್ತರ ಬರೆದರು. ಆತುರದಲ್ಲಿ ಅವಳು, ಅಡುಗೆ ಚಾನೆಲ್ಲಿನವರೊಬ್ಬರಿಗೆಂದು ಸೇರಿಸಿದ್ದ 'ನಿಮ್ಮ ಅಡುಗೆ ವಿಡಿಯೋಗಳೆಂದರೆ ನನಗೆ ಪ್ರಾಣ' ಎಂಬ ಸಾಲನ್ನು ತೆಗೆಯದೆ ಅವರಿಗೆ ಕಳಿಸಿದ್ದಳು. 'ನಮ್ಮಲ್ಲಿ ಬೇಯುವುದು ಕಕ್ಷಿದಾರರು ಮಾತ್ರ, ತಾಯಿ' ಎಂದಿತ್ತು ಉತ್ತರ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಅವಳು ಇದ್ದ ಕಷ್ಟವನ್ನೆಲ್ಲ ತೋಡಿಕೊಂಡು ಬರೆಯತೊಡಗಿದಳು. ಗಂಡ ಅವಳ ಹೆಗಲ ಮೇಲಿಂದ ಓದಿದ.

"ಏನೇ ಇದು? ಕೆಲಸ ಕೇಳ್ತಿದೀಯೋ ಭಿಕ್ಷೆ ಬೇಡ್ತಿದೀಯೋ?"

"ಮತ್ತೇನ್ ಬರೀಲಿ ಹೇಳ್ರೀ! ಗೊತ್ತಿರೋದೆಲ್ಲ ಬರೆದಾಯ್ತು. ನೀವೇ ಬರೀರಿ, ಎಡಗೈ ಇದೆಯಲ್ಲ."

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಅವಳು ಸ್ನಾನದ ಮನೆಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಮಾರನೆಯ ದಿನ ಹೊಸ ಕೆಲಸವೊಂದು ಕಣ್ಣಿಗೆ ಬಿತ್ತು. ದೋಣಿ ಕಟ್ಟುವವನೊಬ್ಬ ಹಾಕಿದ್ದ. ಅವನ ಅಪ್ಪನೂ ದೋಣಿ ಕಟ್ಟುವವರೇ. ಲಕ್ವ ಹೊಡೆದ ಮೇಲೆ, ತಮ್ಮ ವಿದ್ಯೆಯನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು ತೀರಿಕೊಂಡಿದ್ದರು. ಅದನ್ನು ಬರಹಕ್ಕಿಳಿಸಬೇಕು. ಕೇಳಿ ನೋಡಲು ಒಂದು ತುಣುಕನ್ನೂ ಹಾಕಿದ್ದ.

ಅವಳು ಹಾಕಿ ಕೇಳಿದಳು. 'ಅಯ್ಗೇನ ಅಮೇಯಿ ಇಯು' ಎಂದಂತಾಯಿತು. ಏನನ್ನೋ ಆಮೇಲೆ ಇಡು ಅನ್ನುತ್ತಿದ್ದಾರೆ ಎಂದುಕೊಂಡಳು. ಮಂಚದಲ್ಲಿದ್ದ ಮಾವನವರು ತಟ್ಟನೆ ತಲೆಯಾಡಿಸಿದರು.

"ಅಲ್ಲ. ಅಮೆ. ಅಮೆ!"

"ಆಮೆನಾ, ಮಾವ?"

ಅವರು ರೇಗಿ, ಸರಿಯಿದ್ದ ಕೈಯನ್ನು ಅಡುಗೆಮನೆಯತ್ತ ಚಾಚಿದರು. ಒಲೆಯ ಮೇಲೆ ಕುಕ್ಕರ್ ಬುಸುಗುಡುತ್ತಿತ್ತು.

"ಹಬೆ! ಹಲಗೇನ ಹಬೇಲಿ ಇಡು!" ಅವಳು ಕೂಗಿಯೇಬಿಟ್ಟಳು.

ಇಬ್ಬರೂ ಆ ತುಣುಕನ್ನು ಮತ್ತೆ ಮತ್ತೆ ಕೇಳಿದರು. ಅವಳಿಗೆ ತಿಳಿಯದ ಕಡೆ ಮಾವನವರು ಆ ಶಬ್ದವನ್ನು ತಾವೇ ಅಂದು ತೋರಿಸಿದರು. ಅವರ ಬಾಯಲ್ಲಿ ಬಂದದ್ದು ಅವಳಿಗೆ ಅರ್ಥವಾಗುತ್ತಿತ್ತು. ಆಮೇಲೆ ಅವಳು ಪತ್ರ ಬರೆದಳು. ಮಾನ್ಯರೇ ಇಲ್ಲ, ಶ್ರದ್ಧೆ ಇಲ್ಲ.

'ನಿಮ್ಮ ಅಪ್ಪ ಹೇಳಿದ್ದು: ಹಲಗೆಯನ್ನು ಹಬೆಯಲ್ಲಿಡು, ಮೆತ್ತಗಾದ ಮೇಲೆ ಬಾಗಿಸು, ತಣ್ಣಗಾಗುವವರೆಗೆ ಕೈ ಬಿಡಬೇಡ. ಮೊದಲು ನಾನು ತಪ್ಪಾಗಿ ಕೇಳಿಸಿಕೊಂಡೆ. ತಿದ್ದಿದವರು ನಮ್ಮ ಮಾವ. ಅವರಿಗೂ ಲಕ್ವ ಆಗಿದೆ. ಕೆಲಸ ಕೊಟ್ಟರೆ ಇಬ್ಬರೂ ಕೂತು ಮಾಡುತ್ತೇವೆ.'

"ಮಾವ ಅಂತೆಲ್ಲ ಯಾಕ್ ಬರೀತೀಯ? ಮನೆ ಪುರಾಣ ಯಾರಿಗ್ ಬೇಕು?" ಎಂದ ಗಂಡ.

"ಅವರಿಲ್ದೆ ನನ್ ಕೈಲಾಗಲ್ಲರೀ. ಸುಳ್ಳು ಹೇಳಿ ಕೆಲಸ ತಗೊಂಡು ಆಮೇಲೆ ಬೆಪ್ಪಾಗ್ಲಾ?"

ಸಂಜೆಯೊಳಗೆ ದೋಣಿಯವನ ಕರೆ ಬಂತು. "ಮೇಡಂ, ಆ ತುಣುಕಲ್ಲಿ ಏನಿದೆ ಅಂತ ನಂಗ್ ಗೊತ್ತಿತ್ತು. ಪರೀಕ್ಷೆಗೆ ಅಂತ್ಲೇ ಹಾಕಿದ್ದೆ. ಮಿಕ್ಕವರೆಲ್ಲ ಅವರವರ ಹೊಗಳಿಕೆ ಬರ್ಕೊಂಡಿದಾರೆ, ಅಪ್ಪನ ಮಾತ್ನ ಯಾರೂ ಕೇಳೇ ಇಲ್ಲ. ಉಳಿದಿದ್ದೆಲ್ಲ ನಂಗೂ ಅರ್ಥ ಆಗ್ತಿಲ್ಲ. ಕಳಿಸ್ಲಾ?"

ಅಂದು ಮನೆಯಲ್ಲಿ ಹಬ್ಬದ ಕಳೆ. ಮಾವನವರು ಮೀಸೆ ಬಾಚಿಸಿಕೊಂಡು ಕೂತರು. ಹತ್ತಾರು ರೆಕಾರ್ಡುಗಳನ್ನು ಇಬ್ಬರೂ ಬಿಡಿಸಿದರು. ಆದರೆ ಹೋಗುತ್ತಾ ಹೋಗುತ್ತಾ ಆ ದನಿ ಕುಸಿಯತೊಡಗಿತು. ಕೊನೆಕೊನೆಯವುಗಳಲ್ಲಿ ಮಾತಿನ ನಡುವೆ ಬರಿಯ ಉಸಿರು. ಒಂದು ಮಧ್ಯಾಹ್ನ ಮಾವನವರು ಕಿವಿಯ ಮೇಲೆ ಕೈಯಿಟ್ಟು, ಮುಂದಕ್ಕೆ ಬಾಗಿ, ಬಹಳ ಹೊತ್ತು ಕೇಳಿ, ಸೋತು ಗೋಡೆಗೊರಗಿದರು. ಕಣ್ಣಲ್ಲಿ ನೀರು.

"ನಾನೂ... ಇಂಗೇ ಆಗ್ತೀನೇನಮ್ಮ?"

ಅವಳು ರೆಕಾರ್ಡು ನಿಲ್ಲಿಸಿದಳು.

"ಗೊತ್ತಿಲ್ಲ ಮಾವ. ಈಗ ಹೇಳೋದಿದ್ರೆ ಹೇಳ್ಬಿಡಿ. ಕೇಳ್ತೀನಿ."

ಬಾಗಿಲಲ್ಲಿ ನಿಂತಿದ್ದ ಗಂಡ ಒಳಗೆ ಬಂದು ಅಪ್ಪನ ಕಾಲ ಬಳಿ ಕೂತ. ಮಾವನವರು ಮಗನತ್ತ ನೋಡಿ ನಿಧಾನವಾಗಿ ಮಾತಾಡತೊಡಗಿದರು. ತಿಳಿಯದ ಕಡೆ ಮಗನೇ ಮತ್ತೆ ಮತ್ತೆ ಕೇಳಿ ತಿಳಿದುಕೊಂಡ; ಅವಳು ಮಧ್ಯೆ ಬಾಯಿ ಹಾಕಿ ಬಿಡಿಸಿ ಹೇಳಲಿಲ್ಲ.