ಇನ್ನೊಂದು ಉತ್ತರ

"ಇನ್ನೊಂದು ಉತ್ತರ ಕೇಳಿ, ನೋಡೋಣ," ಎಂದರು ಎರಡನೆಯ ಸಾಲಿನಲ್ಲಿ ಕೂತಿದ್ದ ಹಿರಿಯ ಪ್ರೊಫೆಸರು.

ವೇದಿಕೆಯ ಮೇಲಿದ್ದ ಉದ್ದಣ್ಣ ನಕ್ಕ. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸುವ ಆಳಾದ್ದರಿಂದ ಪ್ರಯೋಗಾಲಯದಲ್ಲಿ ಅವನಿಗೆ ಅದೇ ಹೆಸರು. ಪರದೆಯ ಮೇಲೆ ಅವನ ಪ್ರೋಗ್ರಾಂ ಹನ್ನೊಂದನೆಯ ರೋಗಿಗೆ ಕೊಡಬೇಕಾದ ಔಷಧಿಯ ಹೆಸರು ತೋರಿಸಿತ್ತು. ಹೆಸರು ಸರಿಯಾಗಿಯೇ ಇತ್ತು. ಆದರೂ ಸಭೆಯ ನಡುವೆ ಕೂತಿದ್ದ ಅಕ್ಕ ಬರೆಯುವುದನ್ನು ನಿಲ್ಲಿಸಿ ಪರದೆಯತ್ತ ನೋಡಿದಳು.

ಅವಳೇನು ಅವನ ಒಡಹುಟ್ಟಿದವಳಲ್ಲ. ಪಿಎಚ್‌ಡಿಗೆ ಅವನಿಗಿಂತ ಒಂದು ವರ್ಷ ಮುಂಚೆ ಸೇರಿದ್ದಳು, ಅದಕ್ಕೇ ಅಕ್ಕ. ಮೂರು ವರ್ಷದಿಂದ ಇಬ್ಬರದೂ ಅಕ್ಕಪಕ್ಕದ ಮೇಜು. ಅವನು ಬರೆದದ್ದನ್ನು ಅವಳು, ಅವಳು ಬರೆದದ್ದನ್ನು ಅವನು ಜರಡಿ ಹಿಡಿಯದೆ ಯಾವ ಹಾಳೆಯೂ ಆ ಕೋಣೆ ದಾಟುತ್ತಿರಲಿಲ್ಲ.

ಈ ಸಭೆ ನಡೆಯುವುದೇ ಅರ್ಧ ಬೆಂದ ಕೆಲಸಕ್ಕಾಗಿ. ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಮೊದಮೊದಲ ಫಲಿತಾಂಶ ತೋರಿಸಬೇಕು, ಹಿರಿಯರು ತಿದ್ದಬೇಕು. ತಿದ್ದುವುದು ಎಂಬ ಮಾತು ಆಹ್ವಾನ ಪತ್ರದಲ್ಲಿತ್ತು. ಈ ಸಲ ಅದರ ಹಿಂದೆ ಬೇರೆ ಲೆಕ್ಕಾಚಾರವೂ ಇತ್ತೆಂಬುದು ಇವರಿಬ್ಬರಿಗೂ ಗೊತ್ತು. ಒಂದೇ ಯೋಜನೆಯ ಹಣದಲ್ಲಿದ್ದ ಇಬ್ಬರ ಶಿಷ್ಯವೇತನವೂ ಈ ವರ್ಷಕ್ಕೆ ಮುಗಿಯುತ್ತಿತ್ತು. "ವಿಭಾಗ ಒಬ್ಬರಿಗೆ ಮಾತ್ರ ಇನ್ನೊಂದು ವರ್ಷ ಕೊಡುತ್ತಂತೆ. ಸಭೇಲಿ ಯಾರದು ನಿಲ್ಲುತ್ತೋ ನೋಡೋಣ," ಎಂದು ಅವರ ಗೈಡ್ ಚಹಾ ಕುಡಿಯುತ್ತಾ ಹೇಳಿ, ಲೋಟ ತೊಳೆದಿಟ್ಟು ಹೋಗಿದ್ದರು.

ಇವರಿಬ್ಬರೂ ಬಳಸುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಂತ್ರಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವುದಿಲ್ಲ. ನಿಯಮಗಳನ್ನು ಬರೆದು ಪ್ರಶ್ನೆ ಕೇಳುತ್ತಾರೆ. ಯಂತ್ರ ನಿಯಮಗಳನ್ನು ಮೇಲಿನಿಂದ ಕೆಳಗೆ ತಡಕಾಡಿ ಒಂದು ಉತ್ತರ ತರುತ್ತದೆ. ಹುಡುಕಲು ಇನ್ನೂ ದಾರಿ ಉಳಿದಿದ್ದರೆ ಅಲ್ಲೇ ಕಾಯುತ್ತಾ ನಿಲ್ಲುತ್ತದೆ. ಸೆಮಿಕೋಲನ್ ಒತ್ತಿದರೆ ಮತ್ತೆ ಹುಡುಕುತ್ತದೆ, ಎಂಟರ್ ಒತ್ತಿದರೆ ಸಾಕೆಂದುಕೊಂಡು ಸುಮ್ಮನಾಗುತ್ತದೆ. ಇದು ಅವರಿಗೆ ಮೊದಲ ವಾರದ ಪಾಠ.

ಹೋದ ವಾರ ಉದ್ದಣ್ಣ ನಲವತ್ತು ರೋಗಿಗಳ ವಿವರ ತಂದು ಅವಳ ಮೇಜಿನ ಮೇಲಿಟ್ಟಿದ್ದ.

"ಅಕ್ಕಾ, ಇದೊಂದ್ಸಲ ಓಡಿಸಿ ನೋಡ್ತೀರಾ? ನಾನೇ ನೋಡಿದ್ರೆ ನನ್ನ ಕಣ್ಣಿಗೆ ನನ್ನ ತಪ್ಪು ಕಾಣಲ್ಲ."

"ನಂದೇ ಹಾಸಿ ಹೊದೆಯುವಷ್ಟಿದೆ ಮಾರಾಯ."

"ನೀವು ನೋಡಿದ್ರೆ ನನಗೆ ಧೈರ್ಯ. ಬೇರೆ ಯಾರಿಗೂ ತೋರಿಸಲ್ಲ."

ಅವಳು ಒಪ್ಪಿದಳು. ಮೊದಲ ಹತ್ತು ರೋಗಿಗಳಿಗೆ ಒಂದೊಂದೇ ಉತ್ತರ ಬಂದು ಯಂತ್ರ ತಾನಾಗಿಯೇ ಮುಗಿಸಿತು. ಹನ್ನೊಂದನೆಯವನಿಗೆ ಮಾಮೂಲಿ ಔಷಧಿ ಒಗ್ಗುತ್ತಿರಲಿಲ್ಲ. ಪ್ರೋಗ್ರಾಂ ಬದಲಿ ಔಷಧಿಯ ಹೆಸರು ಹೇಳಿತು, ಅದು ಸರಿ. ಆದರೆ ಮುಗಿಸಲಿಲ್ಲ. ಕರ್ಸರ್ ಮಿನುಗುತ್ತಾ ಕಾಯಿತು.

ಅವಳ ಬೆರಳು ಸೆಮಿಕೋಲನ್ ಮೇಲಿತ್ತು. ಒತ್ತಿದರೆ ಏನು ಬರಬಹುದೆಂದು ಅವಳಿಗೆ ಖಚಿತವಾಗಿ ಗೊತ್ತಿರಲಿಲ್ಲ. ಏನೋ ಬರುತ್ತದೆ ಎಂದು ಮಾತ್ರ ಗೊತ್ತಿತ್ತು. ಗೈಡ್ ಲೋಟ ತೊಳೆದಿಟ್ಟದ್ದು ನೆನಪಾಯಿತು. ಮೊದಲ ಉತ್ತರ ಸರಿಯಿದೆಯಲ್ಲ, ಇಷ್ಟಕ್ಕೂ ಅವನ ಕೆಲಸ ನೋಡಿಕೊಳ್ಳಬೇಕಾದವನು ಅವನೇ ಎಂದುಕೊಂಡು ಎಂಟರ್ ಒತ್ತಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಹೀಗೆಯೇ. ಹನ್ನೊಂದರ ಮುಂದೆ 'ಸರಿ' ಎಂದು ಬರೆದಳು. ಆಮೇಲೆ ಯಂತ್ರ ಹಾಗೆಯೇ ಕಾದು ನಿಂತ ಇನ್ನೂ ಆರು ರೋಗಿಗಳ ಮುಂದೆಯೂ ಅದನ್ನೇ ಬರೆದಳು.

ಈಗ ವೇದಿಕೆಯ ಮೇಲೆ ಉದ್ದಣ್ಣ ಯಾವ ಅಳುಕೂ ಇಲ್ಲದೆ ಸೆಮಿಕೋಲನ್ ಒತ್ತಿದ.

ಪರದೆಯ ಮೇಲೆ ಮಾಮೂಲಿ ಔಷಧಿಯ ಹೆಸರು ಬಂತು.

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಒಗ್ಗದಿದ್ರೆ ಬದಲಿ ಕೊಡು ಅನ್ನೋದು ನಿಮ್ಮ ಮೊದಲ ನಿಯಮ. ಎರಡನೇ ನಿಯಮದಲ್ಲಿ ಬರೀ ಮಾಮೂಲಿ ಕೊಡು ಅಂತಿದೆ. 'ಒಗ್ಗುವಂತಿದ್ದರೆ' ಅನ್ನೋ ಮಾತೇ ಇಲ್ಲ. ಮೊದಲನೇದು ಮೇಲಿದೆ ಅಂತ ನಂಬ್ಕೊಂಡು ಕೂತಿದೀರಿ. ಯಾವ ಉತ್ತರವೂ ರೋಗಿಗೆ ಅಪಾಯ ತರಲ್ಲ ಅಂತ ನಲವತ್ತು ಪುಟ ಸಾಧಿಸಿದೀರಲ್ಲ, ಈಗೇನು ಮಾಡೋಣ?"

ಉದ್ದಣ್ಣನ ಮುಖ ಕಪ್ಪಿಟ್ಟಿತು.

"ಯಾರೂ ಪರೀಕ್ಷೆ ಮಾಡ್ಲಿಲ್ವೇನ್ರೀ?"

ಅವನ ಕೊನೆಯ ಪುಟದಲ್ಲಿ ಏನಿದೆ ಎಂದು ಅಕ್ಕನಿಗೆ ಗೊತ್ತಿತ್ತು. ನಲವತ್ತೂ ಪ್ರಕರಣ ಪರೀಕ್ಷಿಸಿದ ಅಕ್ಕನಿಗೆ ಕೃತಜ್ಞತೆ ಎಂದು ದಪ್ಪಕ್ಷರದಲ್ಲಿ ಹಾಕಿ ನಿನ್ನೆಯಷ್ಟೇ ತೋರಿಸಿದ್ದ. ಉದ್ದಣ್ಣ ಸಭೆಯತ್ತ ನೋಡಿದ. ಅವಳು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

"ಮಾಡಿದ್ರು ಸಾರ್. ಮೊದಲ ಉತ್ತರ ಮಾತ್ರ ನೋಡಿ ಅಂತ ನಾನೇ ಹೇಳಿದ್ದೆ," ಎಂದ.

ಅವನು ಹಾಗೆ ಹೇಳಿರಲೇ ಇಲ್ಲ.

"ಒಂದಗುಳು ಹಿಚುಕಿ ನೋಡಿದ್ರೆ ಸಾಕು ಅನ್ನೋದು ಅನ್ನಕ್ಕೆ ಕಣಪ್ಪ, ಔಷಧಿಗಲ್ಲ," ಎಂದರು ಹಿರಿಯರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಗೈಡ್ ತಮ್ಮ ಹಾಳೆಯಲ್ಲಿ ಏನೋ ಹೊಡೆದುಹಾಕಿದರು. ಉದ್ದಣ್ಣ ಕೊನೆಯ ಪುಟ ತೋರಿಸದೆಯೇ ಕಂಪ್ಯೂಟರ್ ಮುಚ್ಚಿದ.

ಮುಂದಿನ ಸರದಿ ಅವಳದೇ. ಮಾತು ಮುಗಿಸಿದವರು ಮುಂದಿನವರಿಗಾಗಿ ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ ಕೂತು ಸಮಯದ ಚೀಟಿ ಹಿಡಿಯಬೇಕೆಂಬುದು ಆ ಸಭೆಯ ಪದ್ಧತಿ. ಉದ್ದಣ್ಣ ಎದ್ದು ಹೊರಗೆ ಹೋಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವನು ಹೋಗಲಿಲ್ಲ, ಕೂತ. ಹದಿನೈದನೆಯ ನಿಮಿಷಕ್ಕೆ 'ಐದು' ಎಂಬ ಚೀಟಿ ಎತ್ತಿದ, ಹತ್ತೊಂಬತ್ತಕ್ಕೆ 'ಒಂದು'. ಒಂದು ಸೆಕೆಂಡು ಆಚೀಚೆ ಆಗಲಿಲ್ಲ.

ಹಿರಿಯರು ಅವಳಿಗೂ ಇನ್ನೊಂದು ಉತ್ತರ ಕೇಳಿ ಎಂದರು. ಅವಳು ಸೆಮಿಕೋಲನ್ ಒತ್ತಿದಳು. ಬೇರೆ ಉತ್ತರ ಇಲ್ಲ ಎಂದಿತು ಯಂತ್ರ. ಅವಳು ತನ್ನದನ್ನು ಯಾವಾಗಲೂ ಕೊನೆಯ ಉತ್ತರದವರೆಗೆ ಕೇಳಿಯೇ ಏಳುವವಳು. ಚಪ್ಪಾಳೆ ಬಿತ್ತು. ಗೈಡ್ ದೂರದಿಂದಲೇ ತಲೆಯಾಡಿಸಿದರು. ಅವಳಿಗೆ ಆ ಗಳಿಗೆಯಲ್ಲಿ ಖುಷಿಯೇ ಆಯಿತು, ಆದದ್ದಕ್ಕೆ ಹೇಸಿಗೆಯೂ ಆಯಿತು.

ಕೆಳಗಿಳಿದು ಬಂದಾಗ ಉದ್ದಣ್ಣ ಎದ್ದು ನಿಂತು ಚೀಟಿಗಳ ಅಂಚು ಸರಿ ಮಾಡುತ್ತಿದ್ದ.

"ಹನ್ನೊಂದನೇದ್ರಲ್ಲಿ ಅದು ಕಾಯ್ತಾ ಇತ್ತಲ್ವಾ, ಅಕ್ಕಾ?" ಎಂದು ಮೆಲ್ಲಗೆ ಕೇಳಿದ.

ಹೌದು ಎನ್ನಲು ಅವಳಿಗೆ ಅರ್ಧ ನಿಮಿಷವಾದರೂ ಸಮಯವಿತ್ತು. ಮುಂದಿನ ವಿದ್ಯಾರ್ಥಿ ಇನ್ನೂ ತಂತಿ ಜೋಡಿಸುತ್ತಿದ್ದ.

"ಗಮನಿಸ್ಲಿಲ್ಲ ಕಣೋ," ಎಂದಳು.

ಅವನು ಅವಳ ಮುಖವನ್ನೇ ನೋಡಿದ. ಮುಂದೇನೋ ಹೇಳುತ್ತಾಳೆಂದು ಕಾದಂತಿತ್ತು. ಅವಳು ಚೀಟಿಗಳಿಗೆ ಕೈ ಚಾಚಿದಳು.

"ಸರಿ, ಮೇಡಂ," ಎಂದು ಚೀಟಿಗಳನ್ನು ಅವಳ ಕೈಗಿಟ್ಟು, ಬಾಗಿಲಲ್ಲಿ ತಲೆ ತಗ್ಗಿಸಿ ಹೊರಗೆ ಹೋದ.

ವೇದಿಕೆಯ ಮೇಲಿನ ವಿದ್ಯಾರ್ಥಿ ಗಂಟಲು ಸರಿಮಾಡಿಕೊಂಡು, ಶುರು ಮಾಡಲೇ ಎಂಬಂತೆ ಅವಳತ್ತ ನೋಡಿದ. ಅವಳು ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು.